ಬಿಟ್ಟ ಬಿಳಿ

ರದ್ದಿ ಕುಳ್ಳಾಯಪ್ಪ ತೂಕಕ್ಕೆ ಕೊಟ್ಟ ಪುಸ್ತಕ,
ಮುಕ್ಕಾಲು ಕೇಜಿ, ಒಂಬತ್ತು ರೂಪಾಯಿ.
ಅಕ್ಷರ ಚೀನಾದ್ದು. ರಾಯದುರ್ಗದಲ್ಲಿ
ತೆಲುಗು ಓದುವವರಿದ್ದಾರೆ, ಕನ್ನಡದವರು, ಉರ್ದುವಿನವರು,
ಇದನ್ನು ಓದುವ ಒಂದು ನರಪಿಳ್ಳೆಯಿಲ್ಲ.
ಹಾಗಾಗಿ ನನಗೆ ಕಲಿಸಿದ್ದು ಬರೀ ಚಿತ್ರ:
ಕುಂಚ ಹಿಡಿದ ಒಂದು ಕೈ,
ಮಣಿಕಟ್ಟು ಗಾಳಿಯಲ್ಲಿ,
ಕೋಳಿಮೊಟ್ಟೆ ಅಡಗಿಸಿಟ್ಟ ಹಾಗೆ ಅಂಗೈ ಟೊಳ್ಳು.

ನಾನು ಹೊನ್ನೂರಪ್ಪ, ಕಟಿಂಗ್ ಮಾಸ್ಟರ್.
ನಲವತ್ತು ಪದರ ಜೀನ್ಸ್ ಬಟ್ಟೆ ಹಾಸಿ
ಸೀಮೆಸುಣ್ಣದ ಗೆರೆ ಹಿಡಿದು ಮಿಷನ್ನು ಬಿಟ್ಟರೆ
ಒಂದು ತಪ್ಪು ನಲವತ್ತು ತಪ್ಪು.
ಥಾನಿನೊಳಗೆ ಬರುವ ಈ ತೆಳ್ಳನೆ ಕಾಗದವೂ ಹಾಗೇ,
ಮಸಿ ತಾಕಿದ್ದೇ ಕುಡಿಯುತ್ತದೆ,
ಒರೆಸಲು ಬಿಡದು. ಅನುಮಾನಿಸಿ ನಿಂತರೆ
ನಿಂತಲ್ಲೇ ಒಂದು ಬೊಟ್ಟು ಊದಿಕೊಂಡು
ನೋಡಿದವರಿಗೆಲ್ಲ ಹೇಳುತ್ತದೆ:
ಇವನು ಇಲ್ಲಿ ಹೆದರಿದ.

ಮಸಿಗೆ ಹರಳೆಣ್ಣೆ ದೀಪ, ಮೇಲೊಂದು ಕವುಚಿದ ಬೋಸಿ.
ಮೊದಲು ಜಾಲಿ ಅಂಟು ಕಲಸಿದೆ. ಒಣಗಿದ್ದೇ
ಕೆರೆತಳದ ಹಾಗೆ ಬಿರಿಯಿತು.
ತೊಗಲುಗೊಂಬೆಯ ಚಿತ್ತಮ್ಮ ನಕ್ಕಳು:
"ಚರ್ಮ ಬೇಯಿಸೋ ಹುಚ್ಚಪ್ಪಾ,
ಹೊಗೆ ನಿಲ್ಲೋಕೆ ಒಂದು ಮೈ ಬೇಕು."
ಮೇಕೆಚರ್ಮದ ಅಂಟು, ಮೂರು ದಿನದ ಅರೆತ,
ಮಸಾಲೆ ಕಲ್ಲು ಮುಟ್ಟಿದರೆ ನೋಡು ಎಂದಳು ತಿಪ್ಪಕ್ಕ,
ಮೂಗಿಗೆ ಸೆರಗು ಹಿಡಿದು.
ಕುಂಚವೂ ಅದೇ ಮೇಕೆಯ ಗಡ್ಡ.

ಮಸಿ ಒಂದೇ. ನೀರು ಎಷ್ಟು ಎಂಬುದೇ ಬಣ್ಣ.
ಐದು ಬೋಗುಣಿ ಇಟ್ಟೆ:
ಕಾಗೆ, ಎಮ್ಮೆ, ಪಾರಿವಾಳ, ಬೂದಿ,
ಐದನೆಯದರಲ್ಲಿ ಅಕ್ಕಿ ತೊಳೆದ ನೀರಿನಷ್ಟೇ ಕಪ್ಪು.

ಬಂಡೆ ಬರೆಯುವ ಗೆರೆಗಳಿಗೆ ಅಲ್ಲಿ ಹೆಸರಿರಬೇಕು.
ನನಗೆ ತಿಳಿಯದು, ನಾನೇ ಇಟ್ಟುಕೊಂಡೆ.
ಕುಂಚ ಮಲಗಿಸಿ ಪಕ್ಕಕ್ಕೆ ಸೀಳಿದರೆ ಬಾಚಿ ಏಟು,
ಕೋಟೆಗುಡ್ಡದ ಪಡುವಣ ಮುಖ ಪೂರಾ ಅದೇ.
ಉದ್ದಕ್ಕೆ ಸಡಿಲಾಗಿ ಇಳಿಸಿದ್ದು ಪುಂಡಿ ನಾರು.
ಕೂದಲು ಒಣಗಿ ಕವಲೊಡೆದಾಗ ಬೀಳುವುದು
ಮುದುಕನ ಗಡ್ಡ, ಹುಲ್ಲಿಗೂ ಆಗುತ್ತದೆ.
ಎಳ್ಳು ಚೆಲ್ಲಿದ ಹಾಗೆ ಕಡೆಗೆ ಚುಕ್ಕಿ.
ಅಲ್ಲಿ ಅದು ಪಾಚಿಯಿರಬಹುದು. ಇಲ್ಲಿ ಪಾಚಿ ಎಲ್ಲಿ ತರಲಿ?
ಕಳ್ಳಿಗಿಡ ಎಂದುಕೊಂಡೆ.
ಆಡಿನ ಹಿಕ್ಕೆ ಎಂದರೂ ಗುಡ್ಡ ಬೇಜಾರಾಗದು.

ಒಂದು ಮಾತ್ರ ಹತ್ತಲಿಲ್ಲ ತಲೆಗೆ.
ಪುಸ್ತಕದ ಪ್ರತಿ ಬೆಟ್ಟವೂ ಸೊಂಟಕ್ಕೆ ಕಡಿದು ಬಿಳಿ.
ಎರಡು ವರ್ಷ ಅದು ಅಚ್ಚಿನ ತಪ್ಪು ಎಂದೇ ತಿಳಿದೆ,
ಪ್ರೆಸ್ಸಿನವನಿಗೆ ಮಸಿ ತೀರಿರಬೇಕು, ಪಾಪ.
ಅವನ ಪರವಾಗಿ ನಾನೇ ಬುಡದವರೆಗೆ ತುಂಬುತ್ತಿದ್ದೆ,
ಗುಂಡಿಗೆ ಗುಂಡು, ನೆರಳಿಗೆ ನೆರಳು.
ಗುಡ್ಡ ಗೋದಾಮಿನ ಮೂಟೆಯಾಗಿ ಕೂತಿತು.

ಮೇ ತಿಂಗಳು, ಕರೆಂಟಿಲ್ಲದ ಮಧ್ಯಾಹ್ನ,
ಕಣೇಕಲ್ಲು ದಾರಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ.
ತಿರುಗಿ ನೋಡಿದರೆ ಗುಡ್ಡಕ್ಕೆ ಬುಡವೇ ಇಲ್ಲ!
ನೆತ್ತಿಯೊಂದು ನೆಲ ಬಿಟ್ಟು ನಿಂತಿದೆ,
ಕೆಳಗೆ ಏನೋ ಹರಿಯುತ್ತಿದೆ, ನೀರಲ್ಲ,
ಜಾಲಿಗಿಡಗಳು ಅದರಲ್ಲಿ ಕಾಲಾಡಿಸುತ್ತಿವೆ.
ಅವರಿಗೆ ಮಂಜಿರಬೇಕು.
ನಮಗೆ ಝಳ.
ಬಸ್ಸು ಬಂತು, ಹೋಯಿತು.
ಕಂಡಕ್ಟರ್ ಬೈದದ್ದು ಆಮೇಲೆ ನೆನಪಾಯಿತು.

ಆ ರಾತ್ರಿ ನೆತ್ತಿಗೆ ಕಾಗೆಗಪ್ಪು,
ಎದೆಗೆ ಪಾರಿವಾಳ, ಸೊಂಟದ ಹತ್ತಿರ
ಬರೀ ನೀರದ್ದಿದ ಕುಂಚದಿಂದ
ಗೆರೆಯ ತುದಿಯನ್ನು ಕರಗಿಸಿದೆ.
ಅಲ್ಲಿಂದ ಕೆಳಗೆ ಕೈ ಎತ್ತಿ ಹಿಡಿದೇ ಇದ್ದೆ,
ಭುಜ ನೋಯುವಷ್ಟು ಹೊತ್ತು.
ಗೆರೆ ಎಳೆಯಲು ಇಷ್ಟು ಕಷ್ಟಪಟ್ಟಿರಲಿಲ್ಲ.

ತಿಪ್ಪಕ್ಕ ದೀಪ ಹತ್ತಿರ ತಂದು ನೋಡಿದಳು.
ಬರೆಯೋದು ಮರೆತೆಯಾ ಎಂದು ಕೇಳುತ್ತಾಳೆ ಎಂದುಕೊಂಡೆ.
ಆ ಬಿಳಿಯ ಮೇಲೆ, ಸ್ವಲ್ಪ ಎಡಕ್ಕೆ,
ಬೆರಳಿಟ್ಟು ಅಂದಳು:
"ಇಲ್ಲೇ ಅಲ್ವಾ ನಮ್ಮವ್ವನ ಊರು?"

ಹೌದು ಎಂದೆ.
ಬೂದಿ ಬೋಗುಣಿಯಲ್ಲಿ ಕುಂಚದ ಮೊನೆ ಅದ್ದಿ
ಆ ಕಡೆ ಹೋಗುವ ಒಬ್ಬಳನ್ನು ನಿಲ್ಲಿಸಿದೆ,
ಬೆಂಕಿಕಡ್ಡಿಯ ತಲೆಯಷ್ಟು.
"ತಲೆ ಮೇಲೆ ಗಂಟು ಇಡು, ಬರಿಗೈಲಿ ಹೋಗ್ತಾರಾ?"
ಇಟ್ಟೆ.